ಸಾಕ್ಷಿ ಹೇಳುವ ಕೆಲಸ: ನಂಬಿಕೆಯಲ್ಲೂ, ಪತ್ರಿಕೆಯಲ್ಲೂ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ, ಪತ್ರಿಕಾ ದಿನದ ನಿಮಿತ್ತ ಆಡಿದ ಮಾತು)



ಬಿತ್ತುವ ದಿನಗಳಲ್ಲಿ ಹೊಲಮನೆ ಕೆಲಸ ಬಿಟ್ಟು ಬಂದಿದ್ದೀರಿ. ಕಾರಟಗಿ, ಕನಕಗಿರಿ, ಕುಕನೂರು ಈಗ ಬೇರೆ ತಾಲ್ಲೂಕುಗಳಾಗಿದ್ದರೂ ಅಲ್ಲಿಯ ಅಕ್ಕಂದಿರು ಹಳೆಯ ರೂಢಿಯಂತೆ ಇಲ್ಲಿಗೇ ಬಂದಿದ್ದೀರಿ, ಸಂತೋಷ. ಇವತ್ತಿನ ವಿಷಯ ಪತ್ರಿಕೆ ಅಂತ ತಿಳಿಸಿದಾಗ ಕೆಲವರು ಕೇಳಿದಿರಿ: "ಪೇಪರ್ ಓದೋರು ಗಂಡಸರು, ಕಟ್ಟಿ ಮ್ಯಾಲ ಕುಂತು ಓದತಾರ. ನಮಗೇನ್ರಿ ಅದರ ಕೆಲಸ?" ಈ ಪ್ರಶ್ನೆಗೆ ಉತ್ತರ ಕೊಡುವುದೇ ನಮ್ಮ ಮಾತಿನ ಉದ್ದೇಶ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಕೂತವರಲ್ಲಿ ಚರ್ಚಿಗೆ ಹೋಗುವವರು ಕೆಲವರೇ. ಗವಿಮಠದ ಜಾತ್ರೆಗೆ ಹೋಗುವವರು, ಹುಲಿಗೆಮ್ಮನಿಗೆ ನಡೆದುಕೊಳ್ಳುವವರು, ದರ್ಗಾಕ್ಕೆ ಹೋಗುವವರೇ ಹೆಚ್ಚು. ನಾವು ಬೈಬಲಿನ ಕಥೆ ಹೇಳುವುದು ಯಾರನ್ನೂ ಆ ಕಡೆ ಎಳೆಯಲಿಕ್ಕಲ್ಲ. ಸುಳ್ಳು ಹೇಳಬಾರದು ಅಂತ ಬಸವಣ್ಣನವರೂ ಹೇಳಿದ್ದಾರೆ, ಕುರಾನಿನಲ್ಲೂ ಇದೆ. ನಮಗೆ ಗೊತ್ತಿರುವ ಮನೆಯಿಂದ ನಾವು ಮಾತು ಶುರು ಮಾಡುತ್ತೇವೆ, ಅಷ್ಟೆ.

ಜುಲೈ 1ನ್ನೇ ಪತ್ರಿಕಾ ದಿನ ಅಂತ ಯಾಕೆ ಇಟ್ಟರು? 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ತಂದವರು ಹರ್ಮನ್ ಮೊಗ್ಲಿಂಗ್. ಜರ್ಮನಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದವರು. ನಾಲ್ಕು ಪುಟದ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಕಲ್ಲಿನ ಮೇಲೆ ಅಕ್ಷರ ಬರೆದು ಕಾಗದಕ್ಕೆ ಒತ್ತುವ ಕಲ್ಲಚ್ಚಿನಲ್ಲಿ ಅದು ಅಚ್ಚಾಗುತ್ತಿತ್ತು. ಊರ ಸುದ್ದಿ, ಸರಕಾರದ ಕಾನೂನು, ಹೊರನಾಡಿನ ವರ್ತಮಾನ, ಕಥೆ, ಹಾಡು ಎಲ್ಲ ಅದರಲ್ಲಿ ಇದ್ದವು.

ನಮ್ಮ ಭಾಗಕ್ಕೆ ಹತ್ತಿರವಾದ ಸಂಗತಿ ಇನ್ನು ಮುಂದೆ ಇದೆ. ಮರುವರ್ಷ, 1844ರಲ್ಲಿ, ಈ ಪತ್ರಿಕೆ ಬಳ್ಳಾರಿಗೆ ಬಂತು. ಯಾಕಂದರೆ ಸೀಸದ ಅಚ್ಚುಮೊಳೆಯ ಮುದ್ರಣಾಲಯ ಬಳ್ಳಾರಿಯಲ್ಲಿತ್ತು. ಅಲ್ಲಿ ಅದರ ಹೆಸರು 'ಕನ್ನಡ ಸಮಾಚಾರ' ಅಂತ ಆಯಿತು. ಅದಕ್ಕೂ ಮೊದಲು, 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದೇ ಊರಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದ್ದರು. ಅಂದರೆ ಕನ್ನಡ ಬೈಬಲ್ಲಿನ ಕೆಲಸ ನಡೆದ ಊರಲ್ಲೇ ಕನ್ನಡದ ಮೊದಲ ಪತ್ರಿಕೆಗೂ ಜಾಗ ಸಿಕ್ಕಿತು. ಆಗ ಬಳ್ಳಾರಿ ಕಂಪನಿ ಸರಕಾರದ್ದು. ತುಂಗಭದ್ರೆ ದಾಟಿ ಈ ಕಡೆ ಬಂದರೆ ನಿಜಾಮರ ರಾಜ್ಯ, ಕೊಪ್ಪಳ ಸೀಮೆ ಸಾಲಾರ್‌ಜಂಗರ ಜಹಗೀರು. ಹೊಳೆ ಒಂದೇ, ದಂಡೆ ಬೇರೆ.

ಇವರಿಬ್ಬರೂ ಪ್ರೊಟೆಸ್ಟೆಂಟ್ ಪಾದ್ರಿಗಳು, ಕಥೋಲಿಕರಲ್ಲ. ಧರ್ಮಪ್ರಚಾರಕ್ಕೆ ಅಂತಲೇ ಬಂದವರು. ಆ ಮಾತನ್ನು ಮುಚ್ಚಿಟ್ಟು ಬರೀ ಹೊಗಳಿದರೆ ಅದೂ ಒಂದು ಬಗೆಯ ಸುಳ್ಳೇ. ಆದರೆ ಪ್ರಚಾರಕ್ಕೆ ಬಂದ ಮನುಷ್ಯ ತನ್ನ ಪತ್ರಿಕೆಯಲ್ಲಿ ಊರ ಸುದ್ದಿಗೂ ಸರಕಾರದ ಕಾನೂನಿಗೂ ಜಾಗ ಕೊಟ್ಟನಲ್ಲ, ಅದು ದೊಡ್ಡದು. ಕಾನೂನು ಏನಂತ ಗೊತ್ತಿಲ್ಲದ ರೈತನನ್ನು ಯಾರು ಬೇಕಾದರೂ ಹೆದರಿಸಬಹುದು. ಗೊತ್ತಿದ್ದವನನ್ನು ಹೆದರಿಸುವುದು ಕಷ್ಟ.

ಈಗ ಒಂದು ಶಬ್ದ ನೋಡೋಣ. 'ಸಾಕ್ಷಿ.' ಕೋರ್ಟಿನಲ್ಲಿ ಈ ಶಬ್ದ ಇದೆ. ಚರ್ಚಿನಲ್ಲೂ ಇದೆ, ಯೇಸುವಿಗೆ ಸಾಕ್ಷಿಗಳಾಗಿರಿ ಅಂತ ನಮಗೆ ಕಲಿಸುತ್ತಾರೆ. ಪತ್ರಿಕೆಯವರ ಕೆಲಸವೂ ಅದೇ. ಕಂಡದ್ದನ್ನು ಕಂಡ ಹಾಗೆ ಹೇಳುವುದು. ನಂಬಿಕೆ ಅಂದರೆ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ಬೈಬಲ್ ಓದಿದರೆ ಹಾಗೆ ಕಾಣುವುದಿಲ್ಲ. ಸಂತ ಲೂಕರು ಯೇಸುವನ್ನು ಕಣ್ಣಾರೆ ಕಂಡವರಲ್ಲ. ತಮ್ಮ ಶುಭಸಂದೇಶದ ಮೊದಲ ಸಾಲುಗಳಲ್ಲೇ ಅವರು ಅದನ್ನು ಹೇಳಿಕೊಳ್ಳುತ್ತಾರೆ: ಮೊದಲಿನಿಂದ ಕಂಡವರು ತಿಳಿಸಿದ್ದನ್ನು ಆಧಾರವಾಗಿಟ್ಟುಕೊಂಡು, ಎಲ್ಲವನ್ನೂ ವಿಚಾರಿಸಿ, ಕ್ರಮವಾಗಿ ಬರೆಯುತ್ತಿದ್ದೇನೆ ಅಂತ. ಒಳ್ಳೆಯ ವರದಿಗಾರ ಮಾಡುವುದೂ ಇಷ್ಟೇ.

ವಿಚಾರಿಸುವುದು ಅಂದರೆ ಹೇಗೆ? ಇದಕ್ಕೆ ಸುಸನ್ನಳ ಕಥೆಗಿಂತ ಒಳ್ಳೆಯ ಪಾಠ ನಮಗೆ ಗೊತ್ತಿಲ್ಲ. ಕಥೋಲಿಕ ಬೈಬಲ್ಲಿನ ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿದೆ. ಸುಸನ್ನ ಗೃಹಿಣಿ, ಒಳ್ಳೆಯ ಮನೆತನದವಳು. ಆ ಊರಿನ ಇಬ್ಬರು ಹಿರಿಯರು, ನ್ಯಾಯ ಹೇಳುವ ಪಂಚರು, ಅವಳ ಮೇಲೆ ಕಣ್ಣು ಹಾಕಿದರು. ಒಂದು ದಿನ ಅವಳು ತೋಟದಲ್ಲಿ ಸ್ನಾನಕ್ಕೆ ಇಳಿದಾಗ, ಕೆಲಸದ ಹುಡುಗಿಯರು ಆ ಕಡೆ ಹೋದದ್ದು ನೋಡಿ, ಇಬ್ಬರೂ ಎದುರು ಬಂದು ನಿಂತರು. "ನಮ್ಮ ಮಾತು ಕೇಳು. ಇಲ್ಲದಿದ್ದರೆ ನೀನು ಯಾವನೋ ಹುಡುಗನ ಜೊತೆ ಇದ್ದೆ ಅಂತ ಹೇಳುತ್ತೇವೆ" ಅಂತ ಹೆದರಿಸಿದರು. ಅವಳು ಒಪ್ಪಲಿಲ್ಲ, ಕೂಗಿಕೊಂಡಳು. ಮರುದಿನ ಪಂಚಾಯ್ತಿ ಸೇರಿತು. ಹಿರಿಯರು ಹೇಳಿದ್ದಾರೆ ಅಂದಮೇಲೆ ಜನ ನಂಬಿದರು. ಮರಣದಂಡನೆ ಆಯಿತು.

ಇಲ್ಲಿ ನಿಲ್ಲಿಸಿ ಯೋಚಿಸ್ರಿ. ಆ ಸಭೆಯಲ್ಲಿ ಅವಳನ್ನು ಒಂದು ಮಾತು ಕೇಳಿದವರಿಲ್ಲ. ಹೇಳಿದವರು ದೊಡ್ಡವರು, ಇಬ್ಬರಿದ್ದಾರೆ, ಸಾಕು. ನಮ್ಮ ಊರುಗಳಲ್ಲಿ ಒಬ್ಬ ಹೆಣ್ಣಿನ ಬಗ್ಗೆ ಮಾತು ಎದ್ದಾಗ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಆಗ ದಾನಿಯೇಲ ಅನ್ನುವ ಹುಡುಗ ಎದ್ದು ನಿಂತು, ವಿಚಾರಣೆ ಮಾಡದೆ ಕೊಲ್ಲುತ್ತೀರಾ ಅಂತ ಕೇಳಿದ. ಇಬ್ಬರನ್ನೂ ದೂರ ದೂರ ನಿಲ್ಲಿಸಿದ. ಒಬ್ಬೊಬ್ಬನನ್ನೇ ಕರೆದು ಒಂದೇ ಪ್ರಶ್ನೆ ಹಾಕಿದ: ಯಾವ ಮರದ ಕೆಳಗೆ ಕಂಡೆ? ಒಬ್ಬ ಒಂದು ಮರದ ಹೆಸರು ಹೇಳಿದ, ಇನ್ನೊಬ್ಬ ಇನ್ನೊಂದು ಮರದ ಹೆಸರು ಹೇಳಿದ. ಸುಳ್ಳು ಅಲ್ಲೇ ಹರಿದುಹೋಯಿತು. ಸುಸನ್ನ ಉಳಿದಳು. ಪತ್ರಿಕೆಯ ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವುದು ಇದನ್ನೇ. ಯಾರು, ಎಲ್ಲಿ, ಯಾವಾಗ, ಕಂಡವರು ಯಾರು. ಇಬ್ಬರನ್ನು ಬೇರೆ ಬೇರೆ ಕೇಳು. ಆರೋಪ ಹೊತ್ತವರನ್ನೂ ಕೇಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಗಾದೆಯೂ ಇದೆಯಲ್ಲ.

ಇನ್ನು ಈಸ್ಟರ್ ದಿನದ ಸುದ್ದಿ. ಯೇಸು ಎದ್ದಿದ್ದಾರೆ ಅನ್ನುವ ಸುದ್ದಿಯನ್ನು ಮೊದಲು ತಂದವರು ಹೆಂಗಸರು. ಮಗ್ದಲದ ಮರಿಯ, ಅವಳ ಜೊತೆಗಿದ್ದವರು. ಪ್ರೇಷಿತರು ನಂಬಿದರೇನು? ಇಲ್ಲ. ಹೆಂಗಸರ ಹುಚ್ಚು ಮಾತು ಅಂದುಕೊಂಡರು ಅಂತ ಲೂಕರೇ ಬರೆದಿದ್ದಾರೆ. ಆದರೆ ಪೇತ್ರ ಎದ್ದು ಸಮಾಧಿಗೆ ಓಡಿದ, ಹೋಗಿ ಬಗ್ಗಿ ನೋಡಿದ. ಹೀಗೆ ಹೋಗಿ ನೋಡುವುದು ಒಳ್ಳೆಯದೇ. ನೋಡದೇ "ಹೆಂಗಸರ ಮಾತು" ಅಂತ ತಳ್ಳಿಹಾಕುವುದು ತಪ್ಪು.

ಅದೇ ದಿನ ಇನ್ನೊಂದು ಸುದ್ದಿಯೂ ಹುಟ್ಟಿತು, ಅದನ್ನು ಮತ್ತಾಯರು ಬರೆದಿದ್ದಾರೆ. ಸಮಾಧಿ ಕಾಯುತ್ತಿದ್ದ ಪಹರೆಯವರಿಗೆ ದೊಡ್ಡವರು ಸಾಕಷ್ಟು ಹಣ ಕೊಟ್ಟು, "ನಾವು ಮಲಗಿದ್ದಾಗ ಶಿಷ್ಯರು ಬಂದು ಹೆಣ ಕದ್ದರು ಅಂತ ಹೇಳಿರಿ" ಅಂದರು. ಮಲಗಿದ್ದವರಿಗೆ ಕದ್ದವರು ಯಾರಂತ ಹೇಗೆ ಗೊತ್ತಾಯಿತು, ಅದನ್ನು ಕೇಳಿದವರಿಲ್ಲ. ದುಡ್ಡು ತಗೊಂಡು ಸುದ್ದಿ ಮಾಡುವುದು ಇವತ್ತಿನದಲ್ಲ ನೋಡ್ರಿ. 2009ರ ಚುನಾವಣೆಯಲ್ಲಿ ಹಣ ಪಡೆದು ಅಭ್ಯರ್ಥಿಗಳನ್ನು ಹೊಗಳಿದ ಸುದ್ದಿಗಳ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿಯನ್ನೇ ಕೊಡಬೇಕಾಯಿತು. ಪತ್ರಿಕೆಯಲ್ಲಿ ಬಂದದ್ದೆಲ್ಲ ಸತ್ಯ ಅಂತ ನಾವು ಹೇಳುತ್ತಿಲ್ಲ.

ಈಗ ನಮ್ಮ ಮನೆಯ ಮಾತು. ಇದನ್ನು ಹೇಳದೆ ಹೋದರೆ ಸತ್ಯದ ಬಗ್ಗೆ ಮಾತಾಡುವ ಹಕ್ಕು ನಮಗಿರುವುದಿಲ್ಲ. 2002ರ ಜನವರಿಯಲ್ಲಿ ಅಮೆರಿಕದ 'ಬಾಸ್ಟನ್ ಗ್ಲೋಬ್' ಪತ್ರಿಕೆ ಒಂದು ವರದಿಮಾಲೆ ಶುರು ಮಾಡಿತು. ಕೆಲವು ಕಥೋಲಿಕ ಗುರುಗಳು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರು, ಮೇಲಿನವರು ಅದನ್ನು ಮುಚ್ಚಿ ಆ ಗುರುಗಳನ್ನು ಊರಿಂದ ಊರಿಗೆ ವರ್ಗ ಮಾಡುತ್ತಿದ್ದರು. ಕಾಗದಪತ್ರ ಹಿಡಿದು, ನೊಂದವರನ್ನು ಮಾತಾಡಿಸಿ ಬರೆದರು. ಧರ್ಮಸಭೆಯ ವೈರಿಗಳ ಕೆಲಸ ಇದು ಅಂತ ಸಿಟ್ಟಾದ ಭಕ್ತರು ಬಹಳ. ಆ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. 2021ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಪತ್ರಕರ್ತರನ್ನು ಎದುರಿಗೆ ಕೂರಿಸಿಕೊಂಡು, ಧರ್ಮಸಭೆಯಲ್ಲಿ ಏನು ತಪ್ಪಾಗಿದೆ ಅಂತ ಹೇಳಿದ್ದಕ್ಕೆ, ನೊಂದವರಿಗೆ ದನಿ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿದರು. ಸಿಟ್ಟಾದ ಭಕ್ತರಿಗಿಂತ ಆ ವರದಿಗಾರರೇ ಮಕ್ಕಳ ಪಾಲಿಗೆ ಒಳ್ಳೆಯ ನೆರೆಯವರಾದರು ಅನ್ನುವುದು ನಮ್ಮ ಅಭಿಪ್ರಾಯ.

ಇದು ನಂಬಿಕೆಗೆ ವಿರುದ್ಧ ಅಂತ ಯಾರಾದರೂ ಅಂದರೆ ಶುಭಸಂದೇಶವನ್ನೇ ತೆಗೆದು ನೋಡಲಿ. ಕೋಳಿ ಕೂಗುವ ಮೊದಲು ಪೇತ್ರ ಮೂರು ಸಲ ಯೇಸುವನ್ನು ಗೊತ್ತಿಲ್ಲ ಅಂದ ಸಂಗತಿ ನಾಲ್ಕೂ ಶುಭಸಂದೇಶಗಳಲ್ಲಿದೆ. ಅದನ್ನು ಬರೆಯುವ ಹೊತ್ತಿಗೆ ಪೇತ್ರ ಸಮುದಾಯದ ನಾಯಕ ಅಂತ ಎಲ್ಲರಿಗೂ ಗೊತ್ತಿತ್ತು. ನಾಯಕನ ಮರ್ಯಾದೆ ಹೋದೀತು ಅಂತ ಒಬ್ಬರಾದರೂ ಅದನ್ನು ಬಿಟ್ಟುಬಿಡಬಹುದಿತ್ತು. ಒಬ್ಬರೂ ಬಿಡಲಿಲ್ಲ.

ಸಾಕ್ಷಿ ಹೇಳುವುದಕ್ಕೆ ಬೆಲೆ ಕೊಟ್ಟವರೂ ಇದ್ದಾರೆ. ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು ಕನ್ನಡ ಕಥೋಲಿಕರು 'ರಕ್ತಸಾಕ್ಷಿ' ಅನ್ನುತ್ತಾರೆ. ಹಾಲೆಂಡಿನ ಟೈಟಸ್ ಬ್ರಾಂಡ್ಸ್ಮ ಅಂಥವರು. ಕಾರ್ಮೆಲ್ ಸಭೆಯ ಗುರು, ಪತ್ರಕರ್ತರೂ ಹೌದು. ಹಿಟ್ಲರನ ಸೈನ್ಯ ಹಾಲೆಂಡನ್ನು ಹಿಡಿದಾಗ, ನಾಜಿಗಳ ಪ್ರಚಾರವನ್ನು ಎಲ್ಲ ಪತ್ರಿಕೆಗಳೂ ಅಚ್ಚು ಹಾಕಬೇಕು ಅಂತ ಹುಕುಂ ಆಯಿತು. ಬ್ರಾಂಡ್ಸ್ಮ ಕಥೋಲಿಕ ಪತ್ರಿಕೆಗಳ ಸಂಪಾದಕರ ಬಳಿಗೆ ತಾವೇ ಹೋಗಿ, ಹಾಕಬೇಡಿ ಅಂತ ಹೇಳಿದರು. 1942ರ ಜನವರಿಯಲ್ಲಿ ಬಂಧಿಸಿದರು, ಜುಲೈ 26ರಂದು ದಾಖೌ ಸೆರೆಶಿಬಿರದಲ್ಲಿ ವಿಷದ ಸೂಜಿ ಚುಚ್ಚಿ ಕೊಂದರು. 2022ರ ಮೇ 15ರಂದು ಅವರನ್ನು ಸಂತರೆಂದು ಸಾರಿದರು. ಅದೇ ದಿನ, ಅದೇ ಪೂಜೆಯಲ್ಲಿ, ನಮ್ಮ ಕನ್ಯಾಕುಮಾರಿ ಕಡೆಯ ದೇವಸಹಾಯಂ ಅವರನ್ನೂ ಸಂತರೆಂದು ಸಾರಿದರು.

ದೂರದ ಮಾತು ಸಾಕು. ನಮ್ಮ ಜಿಲ್ಲೆಗೆ ಬರೋಣ.

ಗಂಗಾವತಿ ತಾಲ್ಲೂಕಿನ ಮರಕುಂಬಿ ನಿಮಗೆಲ್ಲ ಗೊತ್ತು. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಕೇರಿಯ ಮೇಲೆ ದಾಳಿಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ನಡೆದು, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳು ಧಾರವಾಡದ ಹೈಕೋರ್ಟ್ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಮೇಲ್ಮನವಿಯ ಬಗ್ಗೆ ನಾವು ಮಾತಾಡುವುದಿಲ್ಲ, ಅದು ನ್ಯಾಯಾಲಯದ ಕೆಲಸ. ನಾವು ಹೇಳುವುದು ಸಾಕ್ಷಿಗಳ ಬಗ್ಗೆ. ಹತ್ತು ವರ್ಷ ಹೆದರಿಕೆಯ ನಡುವೆ ಬದುಕಿ, ಕೋರ್ಟಿಗೆ ಬಂದು ಕಂಡದ್ದನ್ನು ಹೇಳುವುದು ಅಂದರೆ ಎಂಥ ಗಟ್ಟಿತನ ಬೇಕು!

ಕುಷ್ಟಗಿ ತಾಲ್ಲೂಕಿನ ಮಿಯಾಪುರದ ಸಂಗತಿ 2021ರ ಸೆಪ್ಟೆಂಬರಿನದು. ಎರಡು ವರ್ಷದ ಕೂಸು, ಹುಟ್ಟುಹಬ್ಬ ಅಂತ ತಂದೆ ಹನುಮಪ್ಪನ ಗುಡಿ ಮುಂದೆ ಕರೆದುಕೊಂಡು ಹೋಗಿದ್ದ. ದಲಿತರು ಹೊರಗೆ ನಿಂತೇ ಕೈಮುಗಿಯುವ ರೂಢಿ. ಕೂಸಿಗೇನು ಗೊತ್ತು, ಓಡಿ ಒಳಗೆ ಹೋಯಿತು. ಗುಡಿ ಶುದ್ಧ ಮಾಡಬೇಕು ಅಂತ ಹಿರಿಯರು 25 ಸಾವಿರ ರೂಪಾಯಿ ದಂಡ ಹೇರಿದರು. ಸುದ್ದಿ ಹೊರಬಿತ್ತು, ಕೇಸು ದಾಖಲಾಯಿತು, ಐವರ ಬಂಧನವಾಯಿತು, ಇಡೀ ದೇಶ ಓದಿತು. ಆಗ ಕೆಲವರು ಜಿಲ್ಲೆಯ ಹೆಸರು ಕೆಟ್ಟಿತು ಅಂತ ಪತ್ರಿಕೆಯವರನ್ನು ಬೈದರು. ಹೆಸರು ಕೆಟ್ಟದ್ದು ದಂಡ ಹಾಕಿದಾಗಲೋ, ಬರೆದಾಗಲೋ? ನೀವೇ ಹೇಳ್ರಿ.

ಆದರೆ ಮಾತು ಉಳಿಸುವಂತೆ ಕೊಲ್ಲುವುದೂ ಉಂಟು. 2018ರ ಜುಲೈ 13. ಹೈದರಾಬಾದಿನಿಂದ ನಾಲ್ಕೈದು ಗೆಳೆಯರು ಬೀದರ್ ಜಿಲ್ಲೆಗೆ ಬಂದಿದ್ದರು. ಒಬ್ಬರು ಶಾಲೆ ಮಕ್ಕಳಿಗೆ ಚಾಕಲೇಟು ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಗಾಳಿಸುದ್ದಿ ರಾಜ್ಯದ ತುಂಬ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಇವರೇ ಕಳ್ಳರು ಅಂತ ಮೆಸೇಜು ಮುಂದೋಡಿತು. ಮುರ್ಕಿ ಊರಿನ ಹತ್ತಿರ ಕಾರು ಅಡ್ಡಗಟ್ಟಿದರು, ಪೊಲೀಸರು ಬಿಡಿಸಲು ಬಂದರೂ ಬಿಡದೆ ಹೊಡೆದರು. ಒಬ್ಬ ಯುವಕ ಸತ್ತ. ಮೆಸೇಜು ಕಳಿಸಿದವರಲ್ಲಿ ಯಾರೂ ಕೊಲೆ ಮಾಡಬೇಕು ಅಂದುಕೊಂಡಿರಲಿಕ್ಕಿಲ್ಲ. ನಮ್ಮ ಮಕ್ಕಳಿಗೆ ಏನಾದರೂ ಆದೀತು ಅನ್ನುವ ಕಾಳಜಿಯಿಂದಲೇ ಕಳಿಸಿರಬಹುದು. ಯಾವ ಮರದ ಕೆಳಗೆ ಕಂಡೆ ಅಂತ ಕೇಳುವ ಒಬ್ಬ ದಾನಿಯೇಲ ಅಲ್ಲಿರಲಿಲ್ಲ. ನೆರೆಯವರ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅನ್ನುವುದು ಹತ್ತು ಕಟ್ಟಳೆಗಳಲ್ಲಿ ಒಂದು, ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು. ಬಟನ್ ಒತ್ತಿ ಹತ್ತು ಗುಂಪಿಗೆ ಮೆಸೇಜು ಕಳಿಸುವುದೂ ಸಾಕ್ಷಿ ಹೇಳಿದಂತೆಯೇ. ಆ ವರ್ಷದ ಸಂಪರ್ಕ ಮಾಧ್ಯಮ ದಿನಕ್ಕೆ ಪೋಪ್ ಫ್ರಾನ್ಸಿಸರು ಸುಳ್ಳು ಸುದ್ದಿಯ ಬಗ್ಗೆಯೇ ಸಂದೇಶ ಕೊಟ್ಟಿದ್ದರು. ಏವಳಿಗೆ ಅರ್ಧ ಸತ್ಯ, ಅರ್ಧ ಸುಳ್ಳು ಬೆರೆಸಿ ಹೇಳಿದ ಸರ್ಪದ ಕಥೆಯನ್ನು ಅದರಲ್ಲಿ ನೆನಪಿಸಿದ್ದರು.

ಹಾಗಾದರೆ ಸುಮ್ಮನಿರುವುದೇ ವಾಸಿ ಅಲ್ಲೇನು ಅಂತ ಕೇಳಬಹುದು. ಮೈಕ್ರೋಫೈನಾನ್ಸ್ ಸಾಲದ ವಿಷಯ ನೆನಪು ಮಾಡಿಕೊಳ್ರಿ. ಎಷ್ಟೋ ಮನೆಗಳಲ್ಲಿ ವಸೂಲಿಯವರು ಬಾಗಿಲಲ್ಲಿ ಕೂತು ಬಾಯಿಗೆ ಬಂದಂತೆ ಬೈದರೂ ಮಾನಕ್ಕೆ ಅಂಜಿ ಹೆಣ್ಣುಮಕ್ಕಳು ಹೊರಗೆ ಹೇಳಲಿಲ್ಲ. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರು ಹೇಳಿದರು, ಜಿಲ್ಲೆ ಜಿಲ್ಲೆಯಿಂದ ಸುದ್ದಿ ಬಂತು. ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು, ಮಾರ್ಚಿನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬಾಯಿ ಬಿಟ್ಟು ಹೇಳಿದ್ದರಿಂದ ಇಷ್ಟಾಯಿತು.

ಬರೆಯುವವರೂ ನೀವೇ ಆಗಬಹುದು. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ 'ಖಬರ್ ಲಹರಿಯಾ' ಅನ್ನುವ ಪತ್ರಿಕೆ ಶುರುವಾಯಿತು. ನಡೆಸಿದವರು ಹಳ್ಳಿಯ ಹೆಂಗಸರು, ಬಹಳಷ್ಟು ಮಂದಿ ದಲಿತರು, ಕೆಲವರು ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಕೆಟ್ಟ ಬೋರ್‌ವೆಲ್, ಬಾರದ ರೇಷನ್, ಅತ್ಯಾಚಾರದ ದೂರು ಬರೆದುಕೊಳ್ಳದ ಠಾಣೆ, ಇವೇ ಅವರ ಸುದ್ದಿ. ಈಗ ಮೊಬೈಲಿನಲ್ಲೇ ಸುದ್ದಿ ಮಾಡುತ್ತಾರೆ. ಅವರ ಮೇಲೆ ತೆಗೆದ ಚಿತ್ರ 2022ರಲ್ಲಿ ಆಸ್ಕರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಹೋಗಿತ್ತು. ಎಲ್ಲರೂ ಹೊಗಳುತ್ತಿರುವಾಗ ಈ ಹೆಂಗಸರು ಮಾತ್ರ, ಚಿತ್ರದಲ್ಲಿ ನಮ್ಮ ಕೆಲಸದ ಒಂದು ಭಾಗವನ್ನಷ್ಟೇ ತೋರಿಸಿದ್ದಾರೆ, ನಾವು ಪೂರ್ತಿ ಹಾಗಿಲ್ಲ ಅಂತ ಹೇಳಿಕೆ ಕೊಟ್ಟರು. ಹೊಗಳಿಕೆಯಲ್ಲೂ ತಪ್ಪಿದ್ದರೆ ತಿದ್ದುವವರು ಅವರು!

ನಿಮಗೆ ಈ ಕೆಲಸ ಹೊಸದಲ್ಲ. ವಾರದ ಸಭೆಯಲ್ಲಿ ನಡಾವಳಿ ಪುಸ್ತಕ ಬರೆಯುತ್ತೀರಿ. ಯಾರು ಬಂದಿದ್ದರು, ಎಷ್ಟು ಉಳಿತಾಯ, ಯಾರಿಗೆ ಸಾಲ, ಏನು ಠರಾವು. ಮುಂದಿನ ಸಭೆಯಲ್ಲಿ ಜೋರಾಗಿ ಓದಿ, "ಹಂಗಲ್ಲಕ್ಕಾ, ನಾ ಐನೂರು ಕಟ್ಟೀನಿ" ಅಂತ ಯಾರಾದರೂ ಅಂದರೆ ತಿದ್ದಿ, ಆಮೇಲೆ ಸಹಿ ಹಾಕುತ್ತೀರಿ. ಸಂತ ಲೂಕರಿಗೂ ಚಿತ್ರಕೂಟದ ಹೆಂಗಸರಿಗೂ ಈ ಪದ್ಧತಿ ಗೊತ್ತಿತ್ತು.

ಕೊನೆಗೆ ಎರಡು ಉಪಯೋಗದ ಮಾತು. ನಿಮ್ಮ ಊರ ಸುದ್ದಿಯನ್ನು ಪತ್ರಿಕೆಗೆ ಕೊಡುವುದಿದ್ದರೆ ತಾರೀಖು, ಜಾಗ, ಕಂಡವರು ಯಾರು, ಎದುರಿನವರು ಏನಂದರು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿ ಸಂಘದಲ್ಲಿ ಇಟ್ಟುಕೊಂಡು ಕೊಡಿ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳ ಹೆಸರು, ಮಕ್ಕಳ ಹೆಸರು ಬಹಿರಂಗ ಮಾಡಬೇಡಿ, ಕಾನೂನೂ ಒಪ್ಪುವುದಿಲ್ಲ. ಯಾವುದಾದರೂ ಪತ್ರಿಕೆ ನಿಮ್ಮ ಬಗ್ಗೆ, ಸಂಘದ ಬಗ್ಗೆ ಸುಳ್ಳು ಬರೆದರೆ ಮೊದಲು ಸಂಪಾದಕರಿಗೆ ಪತ್ರ ಬರೆದು ತಿದ್ದುಪಡಿ ಕೇಳಿ. ಅವರು ಒಪ್ಪದಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಅಚ್ಚಾದ ಎರಡು ತಿಂಗಳ ಒಳಗೆ, ಮಾಸಪತ್ರಿಕೆಯಾದರೆ ನಾಲ್ಕು ತಿಂಗಳ ಒಳಗೆ ದೂರು ಹೋಗಬೇಕು. ಟಿ.ವಿ. ಸುದ್ದಿ ಆ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಪತ್ರಿಕೆಯ ಆ ಪುಟವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ರಿ, ರೊಟ್ಟಿ ಸುತ್ತಿ ಹೊಲಕ್ಕೆ ಒಯ್ಯಬೇಡಿ. ಅರ್ಜಿ ಬರೆಯಲು ನಮ್ಮ ಕಾರ್ಯಕರ್ತೆಯರು ಜೊತೆಗೆ ಕೂರುತ್ತಾರೆ.